ಉಮೇದುವಾರ: ಕೊಪ್ಪಳ ಸೀಮೆಯಲ್ಲಿ ಒಂದು ಅರ್ಜಿಯ ಚರಿತ್ರೆ

ನೌಕರಿಗೆ ಅರ್ಜಿ ಹಾಕಿದವರನ್ನು ನಾವು ಈಗ 'ಅಭ್ಯರ್ಥಿ' ಎನ್ನುತ್ತೇವೆ. ಹಿಂದೆ ನಮ್ಮ ಕಡೆ ಚಾಲ್ತಿಯಲ್ಲಿದ್ದ ಶಬ್ದ 'ಉಮೇದುವಾರ'. ಫಾರಸಿಯಲ್ಲಿ 'ಉಮ್ಮೀದ್' ಎಂದರೆ ಭರವಸೆ. ಭರವಸೆ ಇಟ್ಟುಕೊಂಡು ಕಾಯುವವನೇ ಉಮೇದುವಾರ. ಈ ಶಬ್ದ ಈಗ ಚುನಾವಣೆಯ ಸುದ್ದಿಗಳಲ್ಲಿ ಮಾತ್ರ ಉಳಿದಿದೆ. ಆದರೆ ಅದರ ಬಳಗದ ಉಳಿದ ಶಬ್ದಗಳು ಎಲ್ಲಿಗೂ ಹೋಗಿಲ್ಲ. ಅರ್ಜಿ, ನೌಕರಿ, ಕಚೇರಿ, ಸಿಫಾರಸು, ಜಾಮೀನು, ಮಂಜೂರು, ಹಾಜರಿ, ವಜಾ, ರಾಜೀನಾಮೆ ಎಲ್ಲವೂ ಕನ್ನಡದ್ದೇ ಆಗಿವೆ. ಒಬ್ಬ ಮನುಷ್ಯ ನೌಕರಿ ಕೇಳುವುದರಿಂದ ಹಿಡಿದು ಬಿಡುವ ತನಕದ ಕತೆಯನ್ನು ಈ ಶಬ್ದಗಳಿಲ್ಲದೆ ಕನ್ನಡದಲ್ಲಿ ಹೇಳುವುದು ಕಷ್ಟ.

ಇಂದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಹುಡುಗ ಹುಡುಗಿಯರು ಒಂದು ಹೊಸ ಬಗೆಯ ಅರ್ಜಿ ಹಾಕುತ್ತಿದ್ದಾರೆ. ಕಚೇರಿಗೆ ಹೋಗಬೇಕಿಲ್ಲ, ಊರು ಬಿಡಬೇಕಿಲ್ಲ. ಮನೆಯಲ್ಲೇ ಕಂಪ್ಯೂಟರ್ ಮುಂದೆ ಕುಳಿತು ಎಲ್ಲೋ ದೂರದಲ್ಲಿರುವ ಗ್ರಾಹಕನ ಕೆಟ್ಟ ಕಂಪ್ಯೂಟರನ್ನು, ಮುದ್ರಿಸದ ಪ್ರಿಂಟರನ್ನು, ತೆರೆಯದ ಖಾತೆಯನ್ನು ಸರಿಪಡಿಸಿಕೊಡುವ ಕೆಲಸವಿದು. ಜಾಹೀರಾತಿನಲ್ಲಿ ಇದಕ್ಕೆ 'ರಿಮೋಟ್ ಟೆಕ್ನಿಕಲ್ ಸಪೋರ್ಟ್' ಎಂದು ಹೆಸರು. ಮೇಲ್ನೋಟಕ್ಕೆ ಇದು ತೀರಾ ಹೊಸ ಕಾಲದ ಸಂಗತಿ. ಆದರೆ ಈ ಸೀಮೆಯಲ್ಲಿ ನೌಕರಿ ಕೇಳಿದವರ ಚರಿತ್ರೆಯ ಪಕ್ಕದಲ್ಲಿ ಇಟ್ಟು ನೋಡಿದರೆ ಇದರೊಳಗಿನ ಎರಡು ಪ್ರಶ್ನೆಗಳು ತುಂಬ ಹಳೆಯವು: 'ನೀನು ಎಲ್ಲಿಯವ?' ಮತ್ತು 'ನಿನಗೆ ಯಾವ ಭಾಷೆ ಬರುತ್ತದೆ?'

ಸ್ವಾತಂತ್ರ್ಯ ಬರುವ ತನಕ ಈ ನಾಲ್ಕೂ ತಾಲೂಕುಗಳು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಆದರೆ ಎಲ್ಲ ಕಡೆ ಒಂದೇ ಆಡಳಿತವಿರಲಿಲ್ಲ. ಗಂಗಾವತಿ, ಕುಷ್ಟಗಿಗಳು ನೇರವಾಗಿ ಸರ್ಕಾರದ ಅಧೀನದಲ್ಲಿದ್ದರೆ, ಕೊಪ್ಪಳ ಮತ್ತು ಯಲಬುರ್ಗಾಗಳು ಸಾಲಾರ್ ಜಂಗ್ ಮನೆತನದ ಜಾಗೀರಿಗೆ ಸೇರಿದ್ದವು. ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂ ನೋಡಲು ಹೋಗುವ ನಮ್ಮ ಜನ, ಆ ಗಡಿಯಾರ, ಶಿಲ್ಪಗಳ ಹಿಂದಿನ ಸಿರಿವಂತಿಕೆಯಲ್ಲಿ ತಮ್ಮ ಮುತ್ತಜ್ಜಂದಿರು ಕಟ್ಟಿದ ಕಂದಾಯವೂ ಇತ್ತೆಂಬುದನ್ನು ನೆನೆಯುವುದು ಕಡಿಮೆ. ಗಂಗಾವತಿಯವನ ಅರ್ಜಿ ಸರ್ಕಾರಿ ಕಚೇರಿಗೆ ಹೋಗುತ್ತಿತ್ತು. ಪಕ್ಕದ ಕೊಪ್ಪಳದವನು ಜಾಗೀರಿನ ಅಧಿಕಾರಿಗಳ ಕದ ತಟ್ಟಬೇಕಿತ್ತು.

ಅರ್ಜಿಯ ಭಾಷೆ ಮೊದಲು ಫಾರಸಿಯಾಗಿತ್ತು. 1880ರ ದಶಕದಲ್ಲಿ ಅದರ ಜಾಗಕ್ಕೆ ಉರ್ದು ಬಂತು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉನ್ನತ ಶಿಕ್ಷಣವನ್ನೂ ಉರ್ದುವಿನಲ್ಲೇ ಕೊಟ್ಟಿತು. ವಿಜ್ಞಾನ, ಕಾನೂನು, ವೈದ್ಯಶಾಸ್ತ್ರಗಳನ್ನು ಒಂದು ದೇಶಭಾಷೆಯಲ್ಲಿ ಕಲಿಸಿದ ಈ ಪ್ರಯೋಗ ದೊಡ್ಡದೇ. ಆದರೆ ಕನ್ನಡ, ತೆಲುಗು, ಮರಾಠಿ ಆಡುವ ಬಹುಸಂಖ್ಯಾತ ರೈತಾಪಿ ಜನರಿಗೆ ಅದು ತಮ್ಮ ದೇಶಭಾಷೆಯಾಗಿರಲಿಲ್ಲ. ಕುಷ್ಟಗಿಯ ಕನ್ನಡ ಶಾನುಭೋಗರ ಮಗ ನೌಕರಿ ಬೇಕೆಂದರೆ ಉರ್ದು ಕಲಿಯಬೇಕಿತ್ತು. ಅನೇಕರು ಚೆನ್ನಾಗಿಯೇ ಕಲಿತರು. ಕಲಿಯಲಾಗದವರು ಕಚೇರಿಯ ಎದುರು ಕೂರುವ ಅರ್ಜಿ ಬರೆಯುವವನ ಮೊರೆ ಹೋದರು. ಅವನು ಹಳ್ಳಿಯವನ ಬಾಯಿಮಾತಿನ ದೂರನ್ನು ಕೇಳಿಸಿಕೊಂಡು, ಕಚೇರಿಗೆ ಅರ್ಥವಾಗುವ ಭಾಷೆಯಲ್ಲಿ ಇಳಿಸಿ, ಫಸಲಿ ವರ್ಷದ ತಾರೀಖು ಹಾಕಿ, ಹೆಬ್ಬೆಟ್ಟು ಒತ್ತಿಸುತ್ತಿದ್ದ. ಫಸಲಿ ವರ್ಷಕ್ಕೆ 590 ಕೂಡಿಸಿದರೆ ನಮ್ಮ ಇಸವಿ ಸಿಗುತ್ತದೆ. ತಾರೀಖಿನ ಲೆಕ್ಕವೂ ಬೇರೆಯದೇ ಆಗಿದ್ದ ಕಾಗದ ಅದು.

ಅರ್ಜಿ ಹಾಕಿದ ಕೂಡಲೇ ನೌಕರಿ ಸಿಗುತ್ತಿರಲಿಲ್ಲ. ಆ ಕಾಲದಲ್ಲಿ ಬ್ರಿಟಿಷರ ಆಡಳಿತದಲ್ಲೂ ದೇಶೀ ಸಂಸ್ಥಾನಗಳಲ್ಲೂ 'ಉಮೇದುವಾರಿ' ಎಂಬ ಪದ್ಧತಿಯಿತ್ತು. ಪಗಾರವಿಲ್ಲದೆ ಕಚೇರಿಯಲ್ಲಿ ನಕಲು ಬರೆದುಕೊಂಡು, ಯಾವುದಾದರೂ ಜಾಗ ಖಾಲಿಯಾಗುವುದನ್ನು ವರ್ಷಗಟ್ಟಲೆ ಕಾಯುವುದು. ಮನೆಯಲ್ಲಿ ಊಟಕ್ಕೆ ಇದ್ದವನು ಕಾಯಬಲ್ಲ. ಇಲ್ಲದವನು ಹೊಲಕ್ಕೆ ಮರಳುತ್ತಾನೆ. ಬಡವ ಸೋಲುತ್ತಿದ್ದುದು ಬುದ್ಧಿಯಲ್ಲಲ್ಲ, ಕಾಯುವ ಶಕ್ತಿಯಲ್ಲಿ.

ಇನ್ನು 'ಎಲ್ಲಿಯವ' ಎಂಬ ಪ್ರಶ್ನೆ. ದಿವಾನರಾಗಿದ್ದ ಒಂದನೆಯ ಸಾಲಾರ್ ಜಂಗ್ ಆಡಳಿತ ಸುಧಾರಣೆಗೆಂದು ಉತ್ತರ ಹಿಂದೂಸ್ತಾನದ ವಿದ್ಯಾವಂತರನ್ನು ಕರೆಸಿಕೊಂಡರು. ಒಳ್ಳೆಯ ಹುದ್ದೆಗಳು ಹೊರಗಿನವರ ಪಾಲಾಗುತ್ತಿವೆಯೆಂಬ ಅಸಮಾಧಾನ ಸ್ಥಳೀಯರಲ್ಲಿ ಬೆಳೆಯಿತು. 'ಮುಲ್ಕಿ' ಎಂದರೆ ನಾಡಿನವ, 'ಗೈರ್ ಮುಲ್ಕಿ' ಎಂದರೆ ಹೊರಗಿನವ. ಇದು ಧರ್ಮದ ಜಗಳವಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ದಖನಿ ಮುಸಲ್ಮಾನನೂ ಕನ್ನಡ, ತೆಲುಗಿನ ಹಿಂದೂವೂ ಮುಲ್ಕಿಗಳಾಗಿ ಒಂದೇ ಕಡೆ ಇದ್ದರು. ಕೊನೆಗೆ 1919ರ ಫರ್ಮಾನು ಸರ್ಕಾರಿ ನೌಕರಿಗೆ ಮುಲ್ಕಿಯಾಗಿರುವುದನ್ನು ಷರತ್ತಾಗಿಸಿತು. ಹೊರಗಿನಿಂದ ಬಂದವನು ಮುಲ್ಕಿ ಎನಿಸಿಕೊಳ್ಳಲು ಸಂಸ್ಥಾನದಲ್ಲಿ 15 ವರ್ಷ ನೆಲೆಸಿರಬೇಕಿತ್ತು.

1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯೊಂದಿಗೆ ಈ ಲೋಕ ಕುಸಿಯಿತು. 1949ರಲ್ಲಿ ಜಾಗೀರುಗಳು ರದ್ದಾದವು. ಉಸ್ಮಾನಿಯಾ ಇಂಗ್ಲಿಷ್ ಮಾಧ್ಯಮಕ್ಕೆ ತಿರುಗಿತು. 1956ರ ನವೆಂಬರ್ 1ರಂದು ರಾಯಚೂರು, ಗುಲಬರ್ಗಾ, ಬೀದರ ಜಿಲ್ಲೆಗಳು ಮೈಸೂರು ರಾಜ್ಯ ಸೇರಿದವು. ಕನ್ನಡದ ಮಗ ಕನ್ನಡದಲ್ಲಿ ಅರ್ಜಿ ಬರೆಯುವ ದಿನ ಬಂದದ್ದು ನ್ಯಾಯವೇ. ಆ ನ್ಯಾಯಕ್ಕಾಗಿ ಈ ಸೀಮೆಯ ಜನ ಹೋರಾಡಿದ್ದರು. ಆದರೆ ಅದೇ ಹೊತ್ತಿಗೆ, ಉರ್ದು ಒಂದನ್ನೇ ನೆಚ್ಚಿದ್ದ ಒಂದು ತಲೆಮಾರಿನ ಕಲಿಕೆ ಕೆಲವೇ ವರ್ಷಗಳಲ್ಲಿ ಬೆಲೆ ಕಳೆದುಕೊಂಡಿತು. ನಿನ್ನೆಯ ತನಕ ಊರವರ ಅರ್ಜಿ ಬರೆದುಕೊಡುತ್ತಿದ್ದವನು ತನ್ನ ಮಗನ ಅರ್ಜಿಯನ್ನು ಬೇರೆಯವರ ಕೈಲಿ ಬರೆಸಬೇಕಾಯಿತು. ಉರ್ದುವಿನ ಜೊತೆ ಕನ್ನಡವನ್ನೂ ಬಲ್ಲವನು ಹೇಗೋ ದಾಟಿಕೊಂಡ. ಒಂದೇ ಭಾಷೆಯವನು ಪಾನ್ ಅಂಗಡಿ, ಟಾಂಗಾ, ಹೊಲಿಗೆ ಮಷಿನ್ ಕಡೆ ಹೋದ. ನಮ್ಮ ಮೊಹಲ್ಲಾಗಳ ಬಡತನವನ್ನು ಚರ್ಚಿಸುವಾಗ ನಾವು ನೂರು ಕಾರಣ ಕೊಡುತ್ತೇವೆ. ಅರ್ಜಿಯ ಭಾಷೆ ಬದಲಾದದ್ದು ಅವುಗಳಲ್ಲಿ ಒಂದು ಎಂಬುದನ್ನು ಮರೆಯುತ್ತೇವೆ.

ಮುಲ್ಕಿ ನಿಯಮವೂ ನಮ್ಮ ಕೈ ತಪ್ಪಿತು. 1957ರಲ್ಲಿ ಸಂಸತ್ತು ಮಾಡಿದ ಕಾನೂನು ಸರ್ಕಾರಿ ನೌಕರಿಗಿದ್ದ ವಾಸ್ತವ್ಯದ ಷರತ್ತುಗಳನ್ನು ತೆಗೆದುಹಾಕಿತು. ಆದರೆ ತೆಲಂಗಾಣಕ್ಕೆ ವಿನಾಯಿತಿ ಸಿಕ್ಕಿತು. ಮುಂದೆ ಅಲ್ಲಿ ಚಳವಳಿಗಳಾಗಿ 1973ರಲ್ಲಿ ಸಂವಿಧಾನಕ್ಕೆ 371ಡಿ ವಿಧಿ ಸೇರಿತು. ಒಂದೇ ಸಂಸ್ಥಾನದಿಂದ ಬಂದ ನಮಗೆ ಅಂಥದೇ ರಕ್ಷಣೆ ಸಿಗಲು ಮತ್ತೆ ನಾಲ್ಕು ದಶಕ ಬೇಕಾಯಿತು. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 39 ತಾಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿದಾಗ ಅವುಗಳಲ್ಲಿ 21 ಗುಲಬರ್ಗಾ ವಿಭಾಗದಲ್ಲೇ ಇದ್ದವು. ವೈಜನಾಥ ಪಾಟೀಲರಂಥವರ ದೀರ್ಘ ಹೋರಾಟದ ಫಲವಾಗಿ 2012ರ 98ನೇ ತಿದ್ದುಪಡಿ 371ಜೆ ವಿಧಿಯನ್ನು ತಂದಿತು. 2013ರ ಆದೇಶದಂತೆ ಈ ಭಾಗದ ಎ ಮತ್ತು ಬಿ ಗುಂಪಿನ ಹುದ್ದೆಗಳಲ್ಲಿ ಶೇ. 75, ಸಿ ಗುಂಪಿನಲ್ಲಿ ಶೇ. 80, ಡಿ ಗುಂಪಿನಲ್ಲಿ ಶೇ. 85 ಸ್ಥಳೀಯರಿಗೆ ಮೀಸಲು. ಇಲ್ಲಿ ಹುಟ್ಟಿದವರು ಅಥವಾ 10 ವರ್ಷ ನೆಲೆಸಿದವರು ಅರ್ಹತಾ ಪತ್ರ ಪಡೆಯಬಹುದು. ಮುತ್ತಜ್ಜನ ಮುಲ್ಕಿ ಕಾಗದ ಮರಿಮಗಳ ಕೈಗೆ ಬೇರೆ ಹೆಸರಿನಲ್ಲಿ ಮರಳಿ ಬಂದಂತಾಯಿತು.

ಆದರೆ ಈ ಕಾಗದ ನಡೆಯುವುದು ಸರ್ಕಾರದ ಬಾಗಿಲಲ್ಲಿ ಮಾತ್ರ. ಸರ್ಕಾರಿ ಹುದ್ದೆಗಳೋ ಬೆರಳೆಣಿಕೆಯಷ್ಟು. ಕುಷ್ಟಗಿ, ಯಲಬುರ್ಗಾದ ಕುಟುಂಬಗಳು ಮಳೆ ಕೈಕೊಟ್ಟಾಗ ಮಂಗಳೂರು, ಗೋವಾ, ಬೆಂಗಳೂರಿಗೆ ಗುಳೆ ಹೋಗುವುದು ನಿಂತಿಲ್ಲ. ನೀರಾವರಿಯ ಗಂಗಾವತಿಯಲ್ಲೂ ಪದವಿ ಮುಗಿಸಿದವರಿಗೆಲ್ಲ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವ ಕೆಲಸ ಸಿಗದು. ಹಾಗಾಗಿ ಕಣ್ಣು ಖಾಸಗಿ ಕೆಲಸದತ್ತ ಹೋಗುತ್ತದೆ.

ಫೋನಿನಲ್ಲಿ ತಾಂತ್ರಿಕ ಸಹಾಯ ನೀಡುವ ಉದ್ಯೋಗ ಬೆಂಗಳೂರಿಗೆ ಬಂದದ್ದು 2000ರ ಆಸುಪಾಸಿನಲ್ಲಿ. ಅಮೆರಿಕದವರ ಹಗಲಿಗಾಗಿ ನಮ್ಮ ಮಕ್ಕಳು ರಾತ್ರಿ ಎಚ್ಚರವಿದ್ದರು, ಪರದೇಶದ ಹೆಸರಿಟ್ಟುಕೊಂಡರು, ಉಚ್ಚಾರ ತಿದ್ದಿಕೊಂಡರು. 2003ರಲ್ಲಿ ಡೆಲ್ ಕಂಪನಿಯು ಗ್ರಾಹಕರ ದೂರಿನ ಮೇಲೆ ಕೆಲವು ಕಂಪ್ಯೂಟರುಗಳ ಸಹಾಯದ ಕರೆಗಳನ್ನು ಬೆಂಗಳೂರಿನಿಂದ ಅಮೆರಿಕಕ್ಕೆ ಮರಳಿಸಿದ್ದು ಆಗ ದೊಡ್ಡ ಸುದ್ದಿ. ಭಾಷೆಯ ಪ್ರಶ್ನೆ ಇಲ್ಲಿ ಉಚ್ಚಾರದ ಪ್ರಶ್ನೆಯಾಗಿತ್ತು.

ಈ ಕೆಲಸ ಕೊಪ್ಪಳದ ಮನೆಗೆ ಬಾರದಿದ್ದುದಕ್ಕೆ ನೆಟ್ ಇಲ್ಲದಿದ್ದುದು ಮಾತ್ರ ಕಾರಣವಲ್ಲ, ಕಾನೂನೂ ಕಾರಣ. ಕಾಲ್ ಸೆಂಟರುಗಳು ದೂರಸಂಪರ್ಕ ಇಲಾಖೆಯಲ್ಲಿ ನೋಂದಾಯಿಸಿಕೊಳ್ಳಬೇಕಿತ್ತು. ನೌಕರರನ್ನು ಮನೆಯಿಂದ ದುಡಿಸಬೇಕೆಂದರೆ ಕಂಪನಿ 1 ಕೋಟಿ ರೂಪಾಯಿಯ ಭದ್ರತೆ ಇಡಬೇಕಿತ್ತು. 2020ರಲ್ಲಿ ಕೊರೊನಾ ಬಂದಾಗ ಈ ನಿಯಮ ಸಡಿಲವಾಯಿತು. ಅದೇ ವರ್ಷದ ನವೆಂಬರಿನಲ್ಲಿ ಹೊರಟ ಹೊಸ ಮಾರ್ಗಸೂಚಿ ಭದ್ರತೆಯ ಷರತ್ತನ್ನು ಕೈಬಿಟ್ಟು, ದೇಶದ ಯಾವ ಮೂಲೆಯಿಂದಲಾದರೂ ಕೆಲಸ ಮಾಡಲು ದಾರಿ ತೆರೆಯಿತು. ಕುಷ್ಟಗಿಗೆ ರೈಲು ಬಂದದ್ದು 2025ರಲ್ಲಿ. ರೈಲಿಗಿಂತ ಮೊದಲೇ ದೂರದ ನೌಕರಿ ಅಲ್ಲಿಗೆ ಬರಬಹುದಾಗಿತ್ತು.

ಈಗ ಯಲಬುರ್ಗಾದ ಪದವೀಧರೆಯೊಬ್ಬಳು ಈ ಕೆಲಸಕ್ಕೆ ಅರ್ಜಿ ಹಾಕುತ್ತಾಳೆಂದು ಇಟ್ಟುಕೊಳ್ಳಿ. ಅವಳು ಎಲ್ಲಿಯವಳೆಂದು ಯಾರೂ ಮುಖ್ಯವಾಗಿ ಕೇಳುವುದಿಲ್ಲ. ಊರು ಬಿಟ್ಟು ಹೋಗಲು ಮನೆಯವರು ಒಪ್ಪದ ಹುಡುಗಿಗೆ ಇದು ಸಣ್ಣ ಸಂಗತಿಯಲ್ಲ. ಆದರೆ ಪ್ರಶ್ನೆ ಬೇರೆ ರೂಪದಲ್ಲಿ ಬರುತ್ತದೆ. ಸ್ವಂತ ಲ್ಯಾಪ್‌ಟಾಪ್ ಇದೆಯೇ? ಕಡಿಯದ ನೆಟ್ ಇದೆಯೇ? ಕರೆಂಟ್ ಹೋದರೆ ಯುಪಿಎಸ್ ಇದೆಯೇ? ಸದ್ದಿಲ್ಲದ ಕೋಣೆ ಇದೆಯೇ? ಎರಡು ಕೋಣೆಯ ಮನೆಯಲ್ಲಿ ಏಳು ಜನರಿರುವ ಕಡೆ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಕಠಿಣ. ಎಷ್ಟೋ ಕಡೆ ಅರ್ಜಿಯನ್ನು ಮೊದಲು ಓದುವುದು ಮನುಷ್ಯನಲ್ಲ, ಯಂತ್ರ. ಜಾಹೀರಾತಿನಲ್ಲಿರುವ ಶಬ್ದಗಳು ಅರ್ಜಿಯಲ್ಲಿ ಇಲ್ಲದಿದ್ದರೆ ಅದು ಪಕ್ಕಕ್ಕೆ ಸರಿಯುತ್ತದೆ, ಉತ್ತರವೂ ಬರುವುದಿಲ್ಲ. ಕಚೇರಿಯ ಭಾಷೆ ಬಲ್ಲವನಿಂದ ಅರ್ಜಿ ಬರೆಸುವ ಗರಜು ಇನ್ನೂ ಮುಗಿದಿಲ್ಲ.

ಹಳೆಯ ಉಮೇದುವಾರಿಯೂ ವೇಷ ಬದಲಿಸಿ ಬಂದಿದೆ. ಮೂರು ತಿಂಗಳು ಸಂಬಳವಿಲ್ಲದ ತರಬೇತಿ ಎನ್ನುವವರಿದ್ದಾರೆ. ನೋಂದಣಿ ಶುಲ್ಕ, ಲ್ಯಾಪ್‌ಟಾಪಿನ ಠೇವಣಿ ಎಂದು ಹಣ ಕೇಳುವವರಿದ್ದಾರೆ. ಕೆಲಸ ಕೊಡುವವನು ಕೆಲಸ ಕೇಳುವವನಿಂದ ಹಣ ಕೇಳಿದರೆ ಅಲ್ಲಿಗೆ ಮಾತು ನಿಲ್ಲಿಸಬೇಕು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಇದಕ್ಕಿಂತ ಭಯಾನಕವಾದುದು ಇನ್ನೊಂದಿದೆ. 'ತಾಂತ್ರಿಕ ಸಹಾಯ'ದ ಹೆಸರಿನಲ್ಲಿ ಪರದೇಶದ ಮುದುಕರನ್ನು ಹೆದರಿಸಿ ಹಣ ಕೀಳುವ ಜಾಲಗಳ ಮೇಲೆ ನಮ್ಮ ದೇಶದಲ್ಲಿ ದಾಳಿಗಳು ನಡೆದಿವೆ. ಕಂಪನಿಯ ವಿಳಾಸ, ನೇಮಕಾತಿ ಪತ್ರ, ಭವಿಷ್ಯ ನಿಧಿ ಯಾವುದನ್ನೂ ವಿಚಾರಿಸದೆ ಸೇರಿದವನು ನೌಕರನಾಗಲು ಹೋಗಿ ಆರೋಪಿಯಾಗುತ್ತಾನೆ.

ಇಷ್ಟಾದರೂ ಈ ಕೆಲಸದ ತಿರುಳು ನಮ್ಮ ಸೀಮೆಗೆ ಪರಕೀಯವಲ್ಲ. ಗ್ರಾಹಕ ಗಾಬರಿಯಲ್ಲಿ ಹೇಳುವುದನ್ನು ಸಮಾಧಾನದಿಂದ ಕೇಳಬೇಕು. ಅವನ ಒಪ್ಪಿಗೆ ಪಡೆದು ಅವನ ಪರದೆ ನೋಡಬೇಕು. ದೋಷವನ್ನು ಹಂತ ಹಂತವಾಗಿ ಹುಡುಕಬೇಕು. ನಡೆದುದನ್ನೆಲ್ಲ ಸ್ಪಷ್ಟವಾಗಿ ಬರೆದಿಡಬೇಕು. ತನ್ನಿಂದಾಗದ್ದನ್ನು ಮೇಲಿನವರಿಗೆ ಒಪ್ಪಿಸಬೇಕು. ಕಚೇರಿಯ ಎದುರಿನ ಅರ್ಜಿ ಬರೆಯುವವನು ಮಾಡುತ್ತಿದ್ದುದು ಬಹುಪಾಲು ಇದನ್ನೇ. ಅವನು ಜನರಿಗೂ ಸರ್ಕಾರಕ್ಕೂ ನಡುವೆ ದುಭಾಷಿ. ಇವಳು ಜನರಿಗೂ ಯಂತ್ರಕ್ಕೂ ನಡುವೆ ದುಭಾಷಿ. ಗಂಗಾವತಿಯ ಮಕ್ಕಳು ಮನೆಯಲ್ಲಿ ದಖನಿ, ಬೀದಿಯಲ್ಲಿ ಕನ್ನಡ, ಕ್ಯಾಂಪುಗಳ ಸ್ನೇಹಿತರೊಂದಿಗೆ ತೆಲುಗು ಆಡುತ್ತಾರೆ. ದಖನಿ ಬಲ್ಲವರಿಗೆ ಹಿಂದಿಯ ಗ್ರಾಹಕ ದೂರದವನಲ್ಲ. ದೇಶದೊಳಗಿನ ಗ್ರಾಹಕರಿಗೆ ಸೇವೆ ನೀಡುವ ಕಂಪನಿಗಳಿಗೆ ಇಂಥವರು ಬೇಕು. ಅರ್ಜಿಯಲ್ಲಿ ಇಂಗ್ಲಿಷಿನ ಕೆಳಗೆ ಈ ನಾಲ್ಕು ಭಾಷೆಗಳನ್ನು ಬರೆಯಲು ನಮ್ಮ ಮಕ್ಕಳು ಸಂಕೋಚಪಡಬೇಕಿಲ್ಲ.

ಇಂಗ್ಲಿಷ್ ಬೇಡ ಎನ್ನುವುದು ಇದರ ಅರ್ಥವಲ್ಲ. ಬಾಗಿಲಿನ ಭಾಷೆಯನ್ನು ಕಲಿಯದೆ ವಿಧಿಯಿಲ್ಲ ಎಂಬುದನ್ನು ಉರ್ದು ಕಲಿತ ಕನ್ನಡಿಗರೂ ಕನ್ನಡ ಕಲಿತ ಮುಸಲ್ಮಾನರೂ ತೋರಿಸಿಕೊಟ್ಟಿದ್ದಾರೆ. ಆದರೆ ಒಂದೇ ಭಾಷೆಯನ್ನು ನೆಚ್ಚಿ ಕೂರಬಾರದೆಂಬುದೂ ಅದೇ ಚರಿತ್ರೆಯ ಪಾಠ. ನಾಳೆ ಬಾಗಿಲು ಮತ್ತೆ ಬದಲಾಗಬಹುದು. ಮೊದಲ ಹಂತದ ಪ್ರಶ್ನೆಗಳಿಗೆ ಯಂತ್ರಗಳೇ ಉತ್ತರಿಸುವುದು ಈಗಾಗಲೇ ಶುರುವಾಗಿದೆ.

371ಜೆ ಖಾಸಗಿ ಕಂಪನಿಯ ಬಾಗಿಲನ್ನು ತೆರೆಸಲಾರದು, ನಿಜ. ಆದರೆ ಆ ವಿಧಿಯಿಂದಲೇ ಹುಟ್ಟಿದ ಅಭಿವೃದ್ಧಿ ಮಂಡಳಿಯೊಂದು ಕಲಬುರಗಿಯಲ್ಲಿದೆ, ಅದಕ್ಕೆ ಪ್ರತಿವರ್ಷ ಅನುದಾನವಿದೆ. ರಸ್ತೆ, ಕಟ್ಟಡಗಳ ಜೊತೆಗೆ ಪ್ರತಿ ತಾಲೂಕಿನ ಗ್ರಂಥಾಲಯದಲ್ಲಿ ಕರೆಂಟ್ ಹೋಗದ, ನೆಟ್ ಕಡಿಯದ, ಸದ್ದಿಲ್ಲದ ಹತ್ತು ಕುರ್ಚಿಗಳನ್ನು ಕೇಳುವುದು ದೊಡ್ಡ ಬೇಡಿಕೆಯೇನಲ್ಲ. ಕನ್ನಡ ಶಾಲೆಯಿರಲಿ ಉರ್ದು ಶಾಲೆಯಿರಲಿ, ಹತ್ತನೇ ತರಗತಿ ಮುಗಿಸುವಷ್ಟರಲ್ಲಿ ಮಗು ತನ್ನ ಅರ್ಜಿಯನ್ನು ತಾನೇ ಬರೆಯುವಂತಾಗಬೇಕು. ಈ ಸೀಮೆಯಲ್ಲಿ ಬಹಳ ಕಾಲದಿಂದ ನಮ್ಮ ಅರ್ಜಿಯನ್ನು ಬೇರೆಯವರು ಬರೆಯುತ್ತ ಬಂದಿದ್ದಾರೆ.