ಜಲಾನಯನ

ಸಂಸ್ಕೃತದ ‘ಆನಯನ’ ಎಂದರೆ ಹತ್ತಿರಕ್ಕೆ ತರುವುದು. ಅದಕ್ಕೆ ‘ಜಲ’ ಸೇರಿ ‘ಜಲಾನಯನ’: ಸುರಿದ ಮಳೆಯನ್ನು ಒಂದು ಹಳ್ಳಕ್ಕೋ ಹೊಳೆಗೋ ತಂದು ಸೇರಿಸುವ ಇಡೀ ನೆಲ. ಕಣ್ಣೆಂಬ ಅರ್ಥದ ‘ನಯನ’ ಇಲ್ಲಿಲ್ಲ.

ಜಲಾನಯನದ ಎಲ್ಲ ನೆಲವೂ ಒಂದೇ ಸಮ ನೀರು ತರುವುದಿಲ್ಲ. ಕಾರಟಗಿಯ ಭತ್ತದ ಗದ್ದೆಗಳಿಗೆ ಎಡದಂಡೆ ಕಾಲುವೆಯಲ್ಲಿ ಬರುವ ತುಂಗಭದ್ರೆಯ ನೀರು ಬಹುಪಾಲು ಮಲೆನಾಡಿನದು. ಜುಲೈ, ಆಗಸ್ಟ್ ತಿಂಗಳ ಪ್ರವಾಹವೂ ಸಾಮಾನ್ಯವಾಗಿ ಅಲ್ಲಿಂದಲೇ. ಆದರೆ 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಬಯಲುಸೀಮೆಯ ಮಳೆಯೇ ಹೊಳೆಗಳನ್ನು ಉಕ್ಕಿಸಿತು. ಅಲ್ಲಿನ ಎರೆಭೂಮಿಯ ಗುಣವೇ ಹಾಗೆ. ಬೇಸಿಗೆಯ ಬಿರುಕುಗಳು ಮೊದಲ ಮಳೆಯನ್ನು ನುಂಗುತ್ತವೆ. ಮಣ್ಣು ನೆನೆದು ಉಬ್ಬಿ ಬಿರುಕು ಮುಚ್ಚಿತೆಂದರೆ, ಆಮೇಲೆ ಬಿದ್ದ ನೀರು ಹೆಚ್ಚಿನಂಶ ಹರಿದೇ ಹೋಗುತ್ತದೆ. ಅದಕ್ಕೇ ಪ್ರವಾಹದ ಲೆಕ್ಕ ಹಾಕುವ ತಜ್ಞರು ಜಲಾನಯನವನ್ನು ಸಣ್ಣ ಸಣ್ಣ ಭಾಗ ಮಾಡಿ, ಪ್ರತಿಯೊಂದರ ಮಣ್ಣು, ಇಳಿಜಾರು, ಬೆಳೆ, ಹಿಂದಿನ ದಿನಗಳ ತೇವ ನೋಡಿ ಗಣಿತದ ಮಾದರಿ ಕಟ್ಟುತ್ತಾರೆ.

ಜಲಾನಯನ ಅಭಿವೃದ್ಧಿ ಯೋಜನೆಗಳಿಂದ ರೈತರಿಗೆ ಪರಿಚಿತವಾದ ಈ ಪದ ಬದು, ಚೆಕ್‌ಡ್ಯಾಂ, ಕೃಷಿಹೊಂಡಗಳ ಮಾತಿಗೇ ನಿಂತುಬಿಡಬಾರದು. ಸುದ್ದಿ ಬರೆಯುವವರೇ, ಅಣೆಕಟ್ಟೆಯ ಒಳಹರಿವಿನ ಕ್ಯೂಸೆಕ್ ಲೆಕ್ಕದ ಜೊತೆಗೆ, ಆ ನೀರು ಜಲಾನಯನದ ಯಾವ ಭಾಗದಿಂದ ಬಂತೆಂಬುದನ್ನೂ ದಯವಿಟ್ಟು ತಿಳಿಸಿ.