ಗೇರುಪೆಟ್ಟಿಗೆಯ ಎಣ್ಣೆಯೂ ತಂತಿಯೂ

ಕಾರಿನ ಗೇರು ತಾನಾಗಿಯೇ ಬದಲಾಗಬೇಕೆಂಬ ಬಹುಕಾಲದ ಬಯಕೆಯು ಜನಬಳಕೆಗೆ ಒದಗಿದ್ದು, ಅಮೆರಿಕದ ಜನರಲ್ ಮೋಟರ್ಸ್ ಸಂಸ್ಥೆಯು 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಹೈಡ್ರಾ-ಮ್ಯಾಟಿಕ್ ಎಂಬ ಗೇರುಪೆಟ್ಟಿಗೆಯನ್ನು ಅಳವಡಿಸಿದಾಗ. ಅರ್ಲ್ ಥಾಂಪ್ಸನ್ ಎಂಬ ಇಂಜಿನಿಯರರ ನೇತೃತ್ವದಲ್ಲಿ ಸಿದ್ಧವಾದ ಆ ಯಂತ್ರದಲ್ಲಿ ಗೇರನ್ನು ಆಯುವ ಕೆಲಸಕ್ಕೆ ವಿದ್ಯುತ್ತಿನ ಸೋಂಕೇ ಇರಲಿಲ್ಲ; ಕಾರಿನ ವೇಗವೇರಿದಂತೆ ಗವರ್ನರಿನಿಂದ ಹುಟ್ಟುವ ಎಣ್ಣೆಯ ಒತ್ತಡವೂ, ಚಾಲಕನು ಆಕ್ಸಿಲರೇಟರನ್ನು ತುಳಿದಂತೆ ಥ್ರಾಟಲ್ ಕವಾಟದಿಂದ ಏಳುವ ಒತ್ತಡವೂ ಒಂದಕ್ಕೊಂದು ಇದಿರಾಗಿ ನಿಂತು, ಮೇಲುಗೈ ಯಾವುದರದೋ ಅದಕ್ಕೆ ಮಣಿದು ಕವಾಟಗಳು ಸರಿಯುತ್ತಿದ್ದವು. ಆದುದರಿಂದ ಅಂದಿನ ಮೆಕ್ಯಾನಿಕ್ಕನ ರೋಗನಿದಾನವೂ ಎಣ್ಣೆಯ ಸುತ್ತಲೇ ನಡೆಯುತ್ತಿತ್ತು: ಡಿಪ್‌ಸ್ಟಿಕ್ಕನ್ನೆಳೆದು ಬಣ್ಣ ನೋಡುವುದು, ಸೀದ ವಾಸನೆಯಿದೆಯೇ ಎಂದು ಮೂಸುವುದು, ಒತ್ತಡಮಾಪಕವನ್ನು ಕೂಡಿಸಿ ಮುಳ್ಳು ಎಲ್ಲಿ ನಿಲ್ಲುವುದೆಂದು ಕಾಯುವುದು.

ವಿದ್ಯುತ್ತು ಈ ಪ್ರಪಂಚದಲ್ಲಿ ಎದ್ದು ಕಾಣಿಸಿಕೊಂಡದ್ದು ಗುಂಡಿಯ ರೂಪದಲ್ಲಿ, ಅದೂ ಅಪಕೀರ್ತಿಯೊಡನೆ. 1956ರಲ್ಲಿ ಪ್ಯಾಕರ್ಡ್ ಸಂಸ್ಥೆಯೂ, 1958ರ ಮಾದರಿಯ ಎಡ್ಸೆಲ್ ಕಾರಿನಲ್ಲಿ ಫೋರ್ಡ್ ಸಂಸ್ಥೆಯೂ, ಗುಂಡಿಯನ್ನೊತ್ತಿದೊಡನೆ ಸಣ್ಣದೊಂದು ಮೋಟರು ಗೇರುಪೆಟ್ಟಿಗೆಯ ಸನ್ನೆಯನ್ನು ತಿರುಗಿಸುವ ಏರ್ಪಾಟನ್ನು ಮಾಡಿದವು. ಎಡ್ಸೆಲ್‌ನಲ್ಲಂತೂ ಆ ಗುಂಡಿಗಳು ಸ್ಟಿಯರಿಂಗ್ ಚಕ್ರದ ನಡುವೆ, ಜನರ ಕೈ ಹಾರ್ನಿಗಾಗಿ ತಡಕುವ ಜಾಗದಲ್ಲೇ ಕುಳಿತಿದ್ದವು. ಇಳಿಜಾರಿನಲ್ಲಿ ನಿಲ್ಲಿಸಿದ ಕಾರಿನ ಭಾರವೆಲ್ಲ ಪಾರ್ಕಿಂಗ್ ಕೊಂಡಿಯ ಮೇಲೆ ಬಿದ್ದಾಗ ಅದನ್ನು ಬಿಡಿಸುವಷ್ಟು ಬಲ ಮೋಟರಿಗೆ ಸಾಲದೆ ಕರೆಂಟು ಕಡಿದುಹೋಗುತ್ತಿತ್ತು. ಮಾರನೆಯ ವರ್ಷಕ್ಕೆ ಫೋರ್ಡ್ ಅದನ್ನು ಕೈಬಿಟ್ಟಿತು. ಅದೇ ಕಾಲದ ಕ್ರೈಸ್ಲರ್ ಗುಂಡಿಗಳು 1964ರವರೆಗೂ ಬಾಳಿದುವಷ್ಟೆ; ಅವುಗಳ ಹಿಂದೆ ಇದ್ದುದು ವಿದ್ಯುತ್ತಲ್ಲ, ಉಕ್ಕಿನ ಕೇಬಲ್ಲು.

ಹೀಗೆ ಸೋತು ಹಿಂದೆಸರಿದ ವಿದ್ಯುತ್ತು ಮರಳಿ ಬಂದಾಗ ಗುಂಡಿಯ ಬಳಿ ನಿಲ್ಲದೆ ನೇರವಾಗಿ ಕವಾಟಗಳನ್ನೇ ವಶಪಡಿಸಿಕೊಂಡಿತು. ರೆನೊ, ಟೊಯೊಟಾ ಮೊದಲಾದ ಸಂಸ್ಥೆಗಳು 1970ರ ಸುಮಾರಿಗೇ ಈ ದಾರಿ ಹಿಡಿದಿದ್ದರೂ, ನಿದಾನಶಾಸ್ತ್ರದ ದೃಷ್ಟಿಯಿಂದ ನನಗೆ ಹೆಚ್ಚು ಬೋಧಪ್ರದವಾಗಿ ಕಾಣುವುದು, ತನ್ನ ಮೊದಲ ವರ್ಷಗಳ ತೊಂದರೆಗಳಿಂದ ಕುಪ್ರಸಿದ್ಧವಾದ, 1989ರ ಮಾದರಿಯ ಕ್ರೈಸ್ಲರ್ ಅಲ್ಟ್ರಾಡ್ರೈವ್. ಅದರಲ್ಲಿ ಗವರ್ನರಿಲ್ಲ, ನಾಲ್ಕು ಸೊಲೆನಾಯ್ಡುಗಳು ಎಣ್ಣೆಯನ್ನು ಬಿಡುವುದೂ ತಡೆಯುವುದೂ ಎಲೆಕ್ಟ್ರಾನಿಕ್ ನಿಯಂತ್ರಕದ ಆಜ್ಞೆಯಂತೆ. ಆ ನಾಲ್ಕಕ್ಕೂ ಕರೆಂಟು ಹರಿಯುವುದು ಒಂದೇ ರಿಲೇಯ ಮೂಲಕ. ಅದು ನಿಂತುಹೋದರೆ ಮುಂದಕ್ಕೆ ಎರಡನೆಯ ಗೇರೊಂದು ಮಾತ್ರ ಉಳಿಯುವಂತೆ ಕವಾಟಗಳನ್ನು ಜೋಡಿಸಿದ್ದರು. ಕಾರು ತೆವಳಿಯಾದರೂ ಮನೆಸೇರಲೆಂಬ ಈ ದೂರದೃಷ್ಟಿಯನ್ನು ಮೆಚ್ಚಬೇಕಾದದ್ದೇ. ಆದರೆ ಒಳಗೆ ಕ್ಲಚ್ಚು ಸುಟ್ಟಿದ್ದರೂ, ಹೊರಗೆ ತಂತಿ ತುಕ್ಕು ಹಿಡಿದಿದ್ದರೂ ಚಾಲಕನಿಗೆ ಕಾಣುವ ಲಕ್ಷಣ ಒಂದೇ ಆಗಿಬಿಟ್ಟಿತು.

ಆದಕಾರಣ ನಿಯಂತ್ರಕಕ್ಕೆ ಆತ್ಮಪರೀಕ್ಷೆಯನ್ನು ಕಲಿಸಬೇಕಾಯಿತು. ಕೀಲಿಯನ್ನು ತಿರುಗಿಸಿದೊಡನೆ, ರಿಲೇಯನ್ನು ಮುಚ್ಚುವ ಮೊದಲೇ ಅದು ರಿಲೇಯ ಆಚೆಯ ತಂತಿಯನ್ನು ನೋಡುತ್ತದೆ: ಅಲ್ಲಿ ಆಗಲೇ ವೋಲ್ಟೇಜಿದ್ದರೆ ರಿಲೇಯ ತುದಿಗಳು ಬೆಸೆದುಕೊಂಡಿವೆಯೆಂದು ಶಂಕಿಸಿ 14 ಎಂಬ ಸಂಖ್ಯೆಯನ್ನು ಬರೆದುಕೊಳ್ಳುತ್ತದೆ, ಮುಚ್ಚಿದ ಮೇಲೂ ವೋಲ್ಟೇಜು ಬಾರದಿದ್ದರೆ 15. ಅಮೆರಿಕದಲ್ಲಿ 1996ರ ಮಾದರಿಯಿಂದ ಒಬಿಡಿ-2 ಎಂಬ ಏಕರೂಪದ ಪದ್ಧತಿ ಕಡ್ಡಾಯವಾದ ಮೇಲೆ ಇಂಥ ದೋಷಗಳಿಗೆ ಪಿ0882, ಪಿ0888 ಮುಂತಾದ ಹೆಸರುಗಳು ಬಂದವು. ಈ ಸಂಖ್ಯೆಗಳಾದರೋ ಠಾಣೆಯಲ್ಲಿ ಬರೆಸಿದ ದೂರಿದ್ದಂತೆ, ತೀರ್ಪಲ್ಲ. ಪಿ0882 ಹೇಳುವುದು ನಿಯಂತ್ರಕಕ್ಕೆ ಬರುವ ವೋಲ್ಟೇಜು ಕಡಮೆಯೆಂದಷ್ಟೇ. ಬ್ಯಾಟರಿಯೇ, ಫ್ಯೂಸಿನ ಕಾಲೇ, ರಿಲೇಯೇ, ಅರ್ತಿಂಗೇ ಎಂಬುದನ್ನು ಮೆಕ್ಯಾನಿಕ್ಕನೇ ಹುಡುಕಬೇಕು.

ಈ ಹುಡುಕಾಟದಲ್ಲಿ ಹೊಸ ಉಪಕರಣವೇ ಮೋಸ ಮಾಡಿದ್ದುಂಟು. ಡಿಜಿಟಲ್ ವೋಲ್ಟ್‌ಮೀಟರು ತಂತಿಯಿಂದ ಸೆಳೆಯುವ ಕರೆಂಟು ತೀರ ಅತ್ಯಲ್ಪವಾದ್ದರಿಂದ, ಎಳೆಗಳೆಲ್ಲ ತುಂಡಾಗಿ ಒಂದೇ ಎಳೆ ಉಳಿದ ತಂತಿಯೂ ಅದಕ್ಕೆ ಪೂರ್ತಿ 12.6 ವೋಲ್ಟನ್ನು ತೋರಿಸುತ್ತದೆ. ಸೊಲೆನಾಯ್ಡು ಕೆಲಸಕ್ಕಿಳಿದು ಒಂದು ಆಂಪಿಯರ್ ಹರಿಯಿತೆನ್ನಿ: ತುಕ್ಕುಹಿಡಿದ ಕನೆಕ್ಟರಿನಲ್ಲಿ 3 ಓಮ್ ಅಡ್ಡಿಯಿದ್ದರೆ 3 ವೋಲ್ಟು ಅಲ್ಲಿಯೇ ಕರಗಿತು. ಹಳೆಯ ಬಲ್ಬಿನ ಟೆಸ್ಟ್ ಲ್ಯಾಂಪು ಮಂಕಾಗಿ ಉರಿದು ಈ ಕೊರತೆಯನ್ನು ತಕ್ಷಣ ಹೊರಗೆಡಹುತ್ತಿತ್ತು. ಮೀಟರಿನಿಂದಲೇ ಅದನ್ನು ಹಿಡಿಯಬೇಕಾದರೆ ಕರೆಂಟು ಹರಿಯುತ್ತಿರುವಾಗಲೇ ತಂತಿಯ ಎರಡು ತುದಿಗಳ ನಡುವೆ ಅಳೆಯಬೇಕು. ಅರ್ತಿಂಗಿನ ಹಾದಿಗೂ ಇದೇ ಕ್ರಮ. ಇದನ್ನರಿಯದ ಕಡೆಗಳಲ್ಲಿ ರಿಪೇರಿಯವರು ನಿಯಂತ್ರಕವನ್ನು ಬದಲಿಸಿ, ಬಳಿಕ ಸೊಲೆನಾಯ್ಡನ್ನು ಬದಲಿಸಿ, ಕಡೆಗೆ ಗೇರುಪೆಟ್ಟಿಗೆಯನ್ನೇ ಇಳಿಸುವಲ್ಲಿಗೆ ಹೋಗುತ್ತಾರೆ.

ಕಾರಣ ಸಿಕ್ಕಿ ಬ್ಯಾಟರಿಯ ಕೊಂಡಿಗಳನ್ನು ಬಿಚ್ಚಿ ಉಜ್ಜಿದರೂ ಅಲ್ಟ್ರಾಡ್ರೈವ್‌ನ ಮೆಕ್ಯಾನಿಕ್ಕನಿಗೆ ಬಿಡುಗಡೆಯಿರಲಿಲ್ಲ. ಕ್ಲಚ್ಚುಗಳ ಸವೆತಕ್ಕೆ ತಕ್ಕಂತೆ ನಿಯಂತ್ರಕವು ಓಡುತ್ತ ಓಡುತ್ತ ಕಲಿತ ಹದವೆಲ್ಲ ಕರೆಂಟು ಕಡಿದೊಡನೆ ಅಳಿಸಿಹೋಗಿ, ಬ್ಯಾಟರಿ ಕಳಚಿತ್ತೆಂಬ ಸಂಗತಿ ಮಾತ್ರ 12ನೆಯ ಸಂಖ್ಯೆಯಾಗಿ ದಾಖಲಾಗುತ್ತಿತ್ತು. ಒಡೆಯನು ಕಾರನ್ನು ಬೀದಿಗಿಳಿಸಿದೊಡನೆ ಗೇರು ಧಡಕ್ಕನೆ ಬಿದ್ದು, ಹೋದ ಕಾರು ಅದೇ ಸಂಜೆ ಗ್ಯಾರೇಜಿಗೆ ಮರಳಿದರೆ ಆಶ್ಚರ್ಯವೇನು? ಆ ಪಾಠವನ್ನು ಬೇಗನೆ ಕಲಿಸುವ ಕ್ರಮವೊಂದನ್ನು ಕ್ರೈಸ್ಲರ್ ಮುಂದೆ ತನ್ನ ಪರೀಕ್ಷಾಯಂತ್ರದಲ್ಲಿ ಸೇರಿಸಿತು.