ನೂರಕ್ಕೆ ಮೂರು ರೂಪಾಯಿ: ಕೈಸಾಲ ತೀರಿಸುವ ಲೆಕ್ಕ

ಹೊಸೂರು, ತಳಿ, ಡೆಂಕಣಿಕೋಟೆ ಕಡೆ ಕೈಸಾಲದ ಬಡ್ಡಿಯನ್ನು ತಿಂಗಳ ಲೆಕ್ಕದಲ್ಲೇ ಹೇಳುತ್ತಾರೆ. ನೂರಕ್ಕೆ ಮೂರು ರೂಪಾಯಿ ಎಂದರೆ ಕಿವಿಗೆ ಹಗುರ. ವರ್ಷಕ್ಕೆ ಅದು ಶೇ. 36. 50,000 ರೂ. ಸಾಲಕ್ಕೆ ತಿಂಗಳಿಗೆ 1,500 ರೂ. ಬಡ್ಡಿ ಮಾತ್ರ ಕಟ್ಟುತ್ತಿದ್ದರೆ ಹತ್ತು ವರ್ಷ ಕಳೆದರೂ ಅಸಲು ಕರಗದು.

ಉಳಿದ ಅಸಲಿಗಷ್ಟೇ ಬಡ್ಡಿ ಎಂಬ ಒಪ್ಪಂದವಿದ್ದರೆ ಲೆಕ್ಕ ಹೀಗೆ: ತಿಂಗಳಿಗೆ 2,500 ರೂ. ಕಟ್ಟಿದರೆ ಸಾಲ 31 ತಿಂಗಳಲ್ಲಿ ತೀರುತ್ತದೆ. 3,500 ಕಟ್ಟಿದರೆ 19 ತಿಂಗಳಲ್ಲಿ. ಹಾಲು, ಹೂವು, ಹೊಲಿಗೆ, ಓವರ್‌ಟೈಮಿನಿಂದ ಬಂದ ಹೆಚ್ಚುವರಿ ಸಾವಿರ ರೂಪಾಯಿ ಒಂದು ವರ್ಷ ಉಳಿಸಿತು!

ಮಾಡಬೇಕಾದ್ದೇನು?

* ಸಂಬಳ ಅಥವಾ ಹಾಲಿನ ಬಟವಾಡೆ ಬಂದ ದಿನವೇ ಕಂತಿನ ಹಣ ಎತ್ತಿಡಿ. ಮನೆಖರ್ಚು ಉಳಿದುದರಲ್ಲಿ.

* ಹಲವು ಸಾಲಗಳಿದ್ದರೆ ಎಲ್ಲದರ ಕಂತು ತಪ್ಪಿಸದೆ, ಹೆಚ್ಚುವರಿ ಹಣವನ್ನು ಅತಿ ಹೆಚ್ಚು ಬಡ್ಡಿಯ ಸಾಲಕ್ಕೆ ಹಾಕಿ.

* ಅಸಲನ್ನು ಬಿಡಿಬಿಡಿಯಾಗಿ ಪಡೆಯಲು ಸಾಲ ಕೊಟ್ಟವರು ಒಪ್ಪದಿದ್ದರೆ, ಸಹಕಾರ ಸಂಘದ ಒಡವೆ ಸಾಲ ಅಥವಾ ಸ್ವಸಹಾಯ ಸಂಘದ ಸಾಲದ ಬಡ್ಡಿ ವಿಚಾರಿಸಿ. ಕಡಿಮೆಯಿದ್ದರೆ ಅದನ್ನು ಪಡೆದು ಹಳೆಯದನ್ನು ಚುಕ್ತಾ ಮಾಡಿ. ತಮಿಳುನಾಡು ಸರ್ಕಾರ ಮಹಿಳಾ ಸ್ವಸಹಾಯ ಸಂಘಗಳನ್ನು 1989ರಲ್ಲಿ ಆರಂಭಿಸಿದ್ದೇ ಧರ್ಮಪುರಿ ಜಿಲ್ಲೆಯಲ್ಲಿ. ಕೃಷ್ಣಗಿರಿ ಆಗ ಅದರಲ್ಲೇ ಇತ್ತು.

* ಪ್ರತಿ ಪಾವತಿಗೂ ರಸೀದಿ ಪಡೆಯಿರಿ. ಸಾಲ ತೀರಿದ ದಿನ ಪ್ರೋನೋಟು, ಸಹಿ ಹಾಕಿದ ಖಾಲಿ ಕಾಗದ, ಚೆಕ್ಕು ವಾಪಸ್ ಕೇಳಿ.

ಕಂದುವಟ್ಟಿ, ಮೀಟರ್ ವಟ್ಟಿಯನ್ನು ತಮಿಳುನಾಡಿನ 2003ರ ಕಾಯ್ದೆ ನಿಷೇಧಿಸಿದೆ. ಬೆದರಿಕೆ ಬಂದರೆ ಪೊಲೀಸರಿಗೆ ದೂರು ಕೊಡಬಹುದು. ಬಾಕಿ ಹಣವನ್ನು ಅರ್ಜಿಯೊಂದಿಗೆ ನ್ಯಾಯಾಲಯದಲ್ಲೇ ಕಟ್ಟಲೂ ಆ ಕಾಯ್ದೆಯಲ್ಲಿ ಅವಕಾಶವಿದೆ.